ಹಿಟ್ಟಿನ ಗಿರಣಿಗೆ ಸೌರ ವಿದ್ಯುತ್ ಅಳವಡಿಸುವ ಕ್ರಮ

ಗಿರಣಿಯ ಛಾವಣಿಗೆ ಸೌರ ಫಲಕ ಹಾಕಿಸಲು ಹೊರಟವರು ಫಲಕದ ಬೆಲೆ ವಿಚಾರಿಸುವುದಕ್ಕೆ ಮೊದಲು ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಬೇಕು. 7.5 ಎಚ್‌ಪಿ ಮೋಟರು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 6 ಯೂನಿಟ್ ಎಳೆಯುತ್ತದೆ. ದಿನಕ್ಕೆ ಐದು ಗಂಟೆ ಓಡಿದರೆ 30 ಯೂನಿಟ್ ಆಯಿತು. ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುವುದರಿಂದ 7ರಿಂದ 8 ಕಿಲೋವ್ಯಾಟ್ ಬೇಕಾಗುತ್ತದೆ.

ಆದರೆ ಈ ಲೆಕ್ಕಕ್ಕೆ ತಕ್ಷಣ ಹಣ ಹೂಡಬೇಡಿ. ಸಡಿಲವಾದ ಬೆಲ್ಟು, ಸವೆದ ಬೀಸುಕಲ್ಲು, ಹಲವು ಸಲ ವೈಂಡಿಂಗ್ ಮಾಡಿಸಿದ ಹಳೆಯ ಮೋಟರು, ಇವೆಲ್ಲ ವಿದ್ಯುತ್ತನ್ನು ವ್ಯರ್ಥವಾಗಿ ತಿನ್ನುತ್ತವೆ. ಇವನ್ನು ಮೊದಲು ಸರಿಪಡಿಸಿದರೆ ಕೊಳ್ಳಬೇಕಾದ ಫಲಕಗಳೇ ಕಡಿಮೆಯಾಗುತ್ತವೆ. ನನ್ನ ದೃಷ್ಟಿಯಲ್ಲಿ ಅತಿ ಅಗ್ಗದ ಶುದ್ಧ ತಂತ್ರಜ್ಞಾನವೆಂದರೆ ಇದೇ.

ಕಿಲೋವ್ಯಾಟ್ ಒಂದಕ್ಕೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ತುಸು ಓರೆಯಾಗಿರಲಿ. ಒಂದು ತೆಂಗಿನ ಮರದ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಅದರೊಂದಿಗೆ ಸಾಲಾಗಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯೂ ಕುಗ್ಗಬಹುದು. ಹಳೆಯ ಶೀಟಿನ ಮೇಲೆ ಭಾರ ಹೇರದೆ, ಕೆಳಗಿನ ಕಬ್ಬಿಣದ ಚೌಕಟ್ಟಿಗೇ ಬಿಗಿಸಿ. ಗಿರಣಿಯ ಹಿಟ್ಟಿನ ಧೂಳು ಫಲಕದ ಮೇಲೆ ಕೂರುವುದರಿಂದ ಬೆಳಗಿನ ತಂಪಿನಲ್ಲಿ ನೀರಿನಿಂದ ತೊಳೆಯುವ ರೂಢಿಯಿರಲಿ.

ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು, ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರು ಪಡೆಯಿರಿ. ಬ್ಯಾಟರಿಯಿಲ್ಲದ ಸಾಧಾರಣ ವ್ಯವಸ್ಥೆ ಕರೆಂಟು ಹೋದಾಗ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆಂಬುದನ್ನು ತಿಳಿದೇ ಒಪ್ಪಿಕೊಳ್ಳಿ. ಛಾವಣಿ ಸೌರ ವಿದ್ಯುತ್ತಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಗರಿಷ್ಠ 78,000 ರೂಪಾಯಿ ಸಹಾಯಧನ ಮನೆಗಳಿಗೆ ಮೀಸಲು. ಗಿರಣಿಯ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಮಾರುವ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ ಸಾಮಾನ್ಯವಾಗಿ ಕೊಳ್ಳುವ ದರಕ್ಕಿಂತ ಕಡಿಮೆಯಿರುವುದರಿಂದ, ಉತ್ಪಾದನೆಯಾದ ವಿದ್ಯುತ್ತನ್ನು ಅಲ್ಲೇ ದುಡಿಸುವುದು ಲಾಭಕರ. ಬೀಸುವ ಕೆಲಸವನ್ನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಹೊಂದಿಸಿ. ಗಿರಾಕಿ ಕಡಿಮೆಯಿರುವ ದಿನಗಳಲ್ಲಿ ಅದೇ ಬಿಸಿಲಿಗೆ ಮೆಣಸಿನಪುಡಿ ಯಂತ್ರವೋ ಶಾವಿಗೆ ಯಂತ್ರವೋ ಓಡಿದರೆ ಇನ್ನೊಬ್ಬರಿಗೆ ಕೆಲಸವೂ ಸಿಗುತ್ತದೆ. ನಮ್ಮ ಸಾರ್ವಜನಿಕ ವಿದ್ಯುತ್ ಜಾಲದ (ಗ್ರಿಡ್) ಒಂದು ಯೂನಿಟ್ಟಿನ ಹಿಂದೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ವರ್ಷಕ್ಕೆ 9,000 ಯೂನಿಟ್ ಸೌರ ವಿದ್ಯುತ್ ಬಳಸಿದ ಗಿರಣಿ ಆರು ಟನ್ನಿಗೂ ಹೆಚ್ಚಿನ ಹೊರಸೂಸುವಿಕೆಯನ್ನು ತಪ್ಪಿಸುತ್ತದೆ. ಪ್ರತಿ ತಿಂಗಳೂ ಫಲಕದ ವಿದ್ಯುತ್ತನ್ನು ಮೋಟರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರಿನ ಯೂನಿಟ್ ಅಂಕಿಯನ್ನು ಬರೆದಿಟ್ಟು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿ. ಅಂಕಿ ಇಳಿದಿದ್ದರೆ ಧೂಳು, ಹೊಸ ನೆರಳು, ಸಡಿಲವಾದ ತಂತಿ ಎಂಬ ಕ್ರಮದಲ್ಲಿ ಪರೀಕ್ಷಿಸಿ.