ಪರಸಿಗೆ ಆ್ಯಸಿಡ್ ಬಿದ್ದ ಮೇಲೆ

ಕಲಬುರಗಿಯ ನಮ್ಮ ಹಳೇ ಮನೆಯ ನೆಲವೆಲ್ಲ ಶಹಾಬಾದ್ ಪರಸಿ. ಪಡಸಾಲೆಯಿಂದ ಹಿತ್ತಲ ಬಾಗಿಲ ತನಕ ಅದೇ ಬೂದು ಕಲ್ಲು. ಎರಡು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆಸಿದೆವು. ನೆಲಕ್ಕೆ ಬಿದ್ದ ಬಣ್ಣ ತೆಗೆಯಲು ಕೆಲಸದವರು ಕಕ್ಕಸು ತೊಳೆಯುವ ಆ್ಯಸಿಡ್ ಸುರಿದರು. ಬುರುಬುರು ನೊರೆ ಬಂತು. ಕಲೆ ಹೋಗುತ್ತಿದೆ ಅಂದುಕೊಂಡೆವು. ಹೋಗುತ್ತಿದ್ದದ್ದು ಕಲ್ಲೇ. ಒಣಗಿದ ಮೇಲೆ ನೋಡಿದರೆ ನೆಲದ ತುಂಬ ಬಿಳಿ ಬಿಳಿ ಮಚ್ಚೆ. ಕೈಯಾಡಿಸಿದರೆ ಒರಟು.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಇದೇ ಸುಣ್ಣಕಲ್ಲಿಗಾಗಿ. ಆ್ಯಸಿಡ್ ಬಿದ್ದರೆ ಕಲ್ಲಿನ ಮೇಲ್ಪದರವೇ ಕರಗುತ್ತದೆ. ಕಡಪ ಕಲ್ಲು, ಮಾರ್ಬಲ್‌ಗೂ ಹೀಗೇ ಆಗುತ್ತದೆ. ಗ್ರಾನೈಟ್ ಬೇರೆ ಜಾತಿ, ಅದು ತಡೆದುಕೊಳ್ಳುತ್ತದೆ. ನಿಮ್ಮ ಮನೆಯ ಕಲ್ಲು ಯಾವುದು ಅಂತ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ. ಹೊಳಪು ಮಂಕಾದರೆ ಸುಣ್ಣಕಲ್ಲು ಅಂತಲೇ ತಿಳಿಯಿರಿ.

ಉಳಿದ ಆ್ಯಸಿಡ್ ಸತ್ತುಹೋಗಲಿ ಅಂತ ಮೊದಲು ಸೋಡಾ ಪುಡಿ ಕಲಸಿದ ನೀರು ಹಾಕಿ, ಆಮೇಲೆ ಬರೀ ನೀರಲ್ಲಿ ಮೂರು ಸಲ ತೊಳೆದೆ. ಮಚ್ಚೆ ಹೋಗಲಿಲ್ಲ. ಹೋಗುವುದೂ ಇಲ್ಲ, ಅದು ಕೊಳೆಯಲ್ಲ, ಗಾಯ. ಉಜ್ಜಿ ಸಮ ಮಾಡಲೇಬೇಕು. ವೇಗ ಕಡಿಮೆ ಮಾಡಬಹುದಾದ ಕೈಮಷಿನ್ ಮತ್ತು ಅದಕ್ಕೆ ಸಿಕ್ಕಿಸಿ ಕಲ್ಲು ಉಜ್ಜುವ ಡೈಮಂಡ್ ಪ್ಯಾಡ್ ತಂದೆ. ನೀರು ಹಾಕುತ್ತಲೇ ಉಜ್ಜಬೇಕು, ಒಣ ಉಜ್ಜಿದರೆ ದೂಳು ಎದೆಗೆ ಹೋಗುತ್ತದೆ. ನೀರು, ಕರೆಂಟು ಎರಡೂ ಇರುವ ಕೆಲಸ. ಹಾಗಾಗಿ ಅದಕ್ಕೆಂದೇ ಮಾಡಿದ ಮಷಿನ್ನೇ ಇರಲಿ, ರಬ್ಬರ್ ಬೂಟು ಹಾಕಿಕೊಳ್ಳಿ, ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್) ಇರುವ ಲೈನಿಂದಲೇ ಕರೆಂಟು ತೆಗೆದುಕೊಳ್ಳಿ.

100ನೇ ನಂಬರಿನ ಪ್ಯಾಡಿಂದ ಶುರು ಮಾಡಿ 200, ಆಮೇಲೆ 400. ನಂಬರ್ ಏರಿದಷ್ಟೂ ಪ್ಯಾಡ್ ನುಣುಪು. ನಂಬರ್ ಹಾರಿಸಬಾರದು. ನಾನು ಒಂದು ಕಲ್ಲಿಗೆ 100 ಆದ ಮೇಲೆ ನೇರ 400 ಹಾಕಿದೆ. ಹಿಂದಿನ ಗೀರುಗಳು ಹಾಗೇ ಉಳಿದವು, ಮತ್ತೆ ಮೊದಲಿಂದ ಉಜ್ಜಬೇಕಾಯಿತು. ಮಚ್ಚೆಯನ್ನಷ್ಟೇ ಉಜ್ಜಿದರೂ ಗುಂಡಿ ಬೀಳುತ್ತದೆ, ಇಡೀ ಕಲ್ಲನ್ನು ಒಂದೇ ಸಮ ಉಜ್ಜಬೇಕು. 400ಕ್ಕೇ ನಿಲ್ಲಿಸಿದೆ. ಮುಂದೆ ಹೋದರೆ ಕನ್ನಡಿ ಹಾಗೆ ಹೊಳೆಯುತ್ತದೆ, ಆದರೆ ಒದ್ದೆಯಾದರೆ ಜಾರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಓಡಾಡುತ್ತಾಳೆ. ಹೊಳಪು ನಮಗೆ ಬೇಡ.

ಅಡುಗೆಮನೆಯಲ್ಲಿ ಒಲೆ ಪಕ್ಕದ ಎಣ್ಣೆ ಕಲೆಗೆ ಮಷಿನ್ ಬೇಕಾಗಲಿಲ್ಲ. ಮುಲ್ತಾನಿ ಮಿಟ್ಟಿಗೆ ಸೋಡಾ ಪುಡಿ, ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಅರ್ಧ ಬೆರಳು ದಪ್ಪಕ್ಕೆ ಮೆತ್ತಿದೆ. ಮೇಲೆ ಪ್ಲಾಸ್ಟಿಕ್ ಹಾಳೆ. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟೆ. ಒಣಗುವಾಗಲೇ ಮಣ್ಣು ಎಣ್ಣೆಯನ್ನು ಮೇಲಕ್ಕೆ ಎಳೆಯುವುದು, ಅವಸರ ಮಾಡಿದರೆ ಏನೂ ಬರುವುದಿಲ್ಲ. ನಾಲ್ಕು ಸಲ ಹಚ್ಚಿದೆ. ಕಲೆ ಮುಕ್ಕಾಲು ಪಾಲು ಹೋಯಿತು.

ಬಚ್ಚಲ ಕಡೆಯ ಕಲ್ಲುಗಳ ಮೇಲೆ ಬಿಳಿ ಉಪ್ಪಿನ ಪುಡಿ ಏಳುತ್ತಿತ್ತು. ನಾನು ಸುಮ್ನೆ ಸೀಲರ್, ಅಂದರೆ ಕಲ್ಲು ನೀರು ಹೀರದಂತೆ ಹಚ್ಚುವ ದ್ರವ, ಬಳಿದು ಮುಗಿಸುವವನಿದ್ದೆ. ಓಣಿಯ ಹಿರಿಯ ಗೌಂಡಿ ತಡೆದರು. “ತಮ್ಮಾ, ಬುಡಕ್ಕ ನೀರು ಎಲ್ಲಿಂದ ಬರ್ತದ ಮೊದಲ ನೋಡು. ಕಲ್ಲು ಒಣಗೂ ತನಕ ಏನೂ ಹಚ್ಚಬ್ಯಾಡ” ಅಂದರು. ಅವರು ಹೇಳಿದ್ದೇ ನಿಜ. ಬಚ್ಚಲ ಪೈಪು ಒಳಗೇ ಸೋರುತ್ತಿತ್ತು. ನೆಲದಡಿಯ ನೀರು ಉಪ್ಪನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ಮೇಲೆ ಮುಚ್ಚಿಬಿಟ್ಟರೆ ಉಪ್ಪು ಒಳಗೇ ಗಟ್ಟಿಯಾಗಿ ಕಲ್ಲಿನ ಪದರ ಏಳಿಸುತ್ತದೆ. ಪೈಪು ರಿಪೇರಿ ಮಾಡಿಸಿ, ಉಪ್ಪನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ತೆಗೆದೆ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೆ ಇಳಿಯುತ್ತದೆ. ಸಂದುಗಳಲ್ಲಿ ಸಡಿಲಾದ ಗಾರೆ ಕೆರೆದು ಸುಣ್ಣ-ಮರಳು ತುಂಬಿದೆವು. ಸಿಮೆಂಟಿಗೆ ಗೌಂಡಿ ಒಪ್ಪಲೇ ಇಲ್ಲ. ಏಪ್ರಿಲ್, ಮೇ ಬಿಸಿಲಿಗೆ ನೆಲ ಒಣಗಿತು.

ಆಮೇಲಷ್ಟೇ ಸೀಲರ್. ಮೇಲೆ ಪೊರೆ ಕಟ್ಟುವಂಥದ್ದಲ್ಲ, ಕಲ್ಲಿನೊಳಗೆ ಇಳಿಯುವಂಥದ್ದು. ಹಚ್ಚಿ ಹತ್ತು ನಿಮಿಷಕ್ಕೆ, ಒಣಗುವ ಮುಂಚೆಯೇ, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಈಗ ಆಗಾಗ ನೆಲಕ್ಕೆ ನಾಲ್ಕು ಹನಿ ನೀರು ಹಾಕಿ ನೋಡುತ್ತೇನೆ. ಹನಿ ಗುಂಡಗೆ ನಿಂತರೆ ಸರಿ, ಕಲ್ಲು ಕಪ್ಪಾದರೆ ಮತ್ತೆ ಹಚ್ಚುವ ಹೊತ್ತು ಬಂತು ಅಂತ. ಒರೆಸಲು ಆಮ್ಲವಿಲ್ಲದ ಸೌಮ್ಯ ಸೋಪು. ಬಾಗಿಲಲ್ಲಿ ದಪ್ಪ ಕಾಲೊರಸು ಹಾಕಿದ್ದೇವೆ, ಮರಳು ಈ ಕಲ್ಲಿಗಿಂತ ಗಟ್ಟಿ, ಕಾಲಡಿ ಸಿಕ್ಕರೆ ಗೀರುತ್ತದೆ.

ಒಂದು ಕಲ್ಲಿಗೆ ಮಾತ್ರ ಮಷಿನ್ ಮುಟ್ಟಿಸಿಲ್ಲ. ಬೀಸುಕಲ್ಲಿನ ಪಕ್ಕ ಅಜ್ಜಿ ದಿನಾ ಕೂತು ಜೋಳ ಬೀಸುತ್ತಿದ್ದ ಜಾಗ ಅದು. ಅಲ್ಲಿ ಪರಸಿ ಸ್ವಲ್ಪ ತಗ್ಗಾಗಿ ನುಣ್ಣಗಾಗಿದೆ.