ತಕ್ಕಡಿಗೆ ಬಿದ್ದ ರಿಗ್ರೆಷನ್: ನನ್ನ ಅನುಭವ

ಅಡಿಕೆ ತೂಗುವ ಊರಿನಲ್ಲಿ ಕಾಗದ ತೂಗುವ ಮೇಷ್ಟ್ರು ಎಂದು ನನಗೆ ಹೆಸರು ಬಿದ್ದು ಮೂರು ವರ್ಷವಾಯಿತು. ಮೊದಲ ವರ್ಷ ಬೆನ್ನ ಹಿಂದೆ ಹೇಳುತ್ತಿದ್ದರು. ಈಗ ಎದುರಿಗೇ ಹೇಳುತ್ತಾರೆ, ಹೇಳಿದ ಮೇಲೆ ‘ರಟ್ಟು ತೂಗಿ ರಿಗ್ರೆಷನ್ ಹೇಗೆ ಕಲಿಸುತ್ತೀರಿ, ಒಮ್ಮೆ ವಿವರವಾಗಿ ತಿಳಿಸಿ’ ಎಂದೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡುವುದು ಸುಲಭ. ಸಂಖ್ಯಾಶಾಸ್ತ್ರ ಕಲಿಸುವವರಿಗಾಗಿಯೇ ಬರೆಯುತ್ತಿರುವುದರಿಂದ ಸೂತ್ರಗಳನ್ನು ಇಲ್ಲಿ ಬಿಡಿಸುವುದಿಲ್ಲ.

ಬಿ.ಕಾಂ. ಮಕ್ಕಳಿಗೆ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದು) ಮತ್ತು ರಿಗ್ರೆಷನ್ (ಒಂದರಿಂದ ಇನ್ನೊಂದನ್ನು ಊಹಿಸುವ ರೇಖೆ) ಕಲಿಸಿದವರಿಗೆಲ್ಲ ಈ ದೃಶ್ಯ ಗೊತ್ತು. ಐದು ಕಾಲಂ ಹಾಕುತ್ತಾರೆ, ಕೂಡುತ್ತಾರೆ, ವರ್ಗಮೂಲ ತೆಗೆಯುತ್ತಾರೆ, ಕೊನೆಗೆ ಸಹಸಂಬಂಧದ ಅಳತೆಯಾದ, ಒಂದನ್ನು ದಾಟಲೇಬಾರದ ಆರ್ ಸಮ 1.7 ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ಒಂದನ್ನು ದಾಟಿದ್ದು ಅವರಿಗೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ಆ ಸಂಖ್ಯೆ ಅವರಿಗೆ ಏನೂ ಅಲ್ಲ. ನಾನೂ ಹನ್ನೆರಡು ವರ್ಷ ಹಾಗೆಯೇ ಕಲಿಸಿದೆ. ಗ್ರಾಫಿನ ಚುಕ್ಕಿಗಳಿಂದ ಅಂತರದ ವರ್ಗಗಳ ಮೊತ್ತ ಅತಿ ಕಡಿಮೆಯಿರುವ ರೇಖೆಯನ್ನು ಹುಡುಕುವ ಕನಿಷ್ಠ ವರ್ಗ ವಿಧಾನ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಸರ್, ವರ್ಗ ಅಂದರೆ ಚೌಕ ತಾನೇ? ಇಲ್ಲಿ ಚೌಕ ಎಲ್ಲಿದೆ?’ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಚೌಕ ನಿಜಕ್ಕೂ ಇದೆ. ನಾನೇ ಅದನ್ನು ಎಂದೂ ತೋರಿಸಿರಲಿಲ್ಲ.

ಆ ರಾತ್ರಿ ಹೊಳೆದದ್ದು ಇಷ್ಟು. ಪ್ರತಿ ಚುಕ್ಕಿಯಿಂದ ರೇಖೆಗೆ ನೇರ ಕೆಳಕ್ಕೋ ಮೇಲಕ್ಕೋ ಇರುವ ಅಂತರವನ್ನು ಬದಿಯಾಗಿಟ್ಟು ರಟ್ಟಿನಲ್ಲಿ ಒಂದು ಚೌಕ ಕತ್ತರಿಸುವುದು. ಎಲ್ಲ ಚೌಕಗಳನ್ನೂ ಒಟ್ಟಿಗೆ ತಕ್ಕಡಿಗೆ ಹಾಕುವುದು. ಯಾರ ರೇಖೆಯ ಚೌಕಗಳು ಅತಿ ಹಗುರವೋ ಅವರೇ ಗೆದ್ದಂತೆ. ರಟ್ಟಿನ ತೂಕವೆಂದರೆ ವಿಸ್ತೀರ್ಣವೇ, ವಿಸ್ತೀರ್ಣವೆಂದರೆ ವರ್ಗಗಳ ಮೊತ್ತವೇ. ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ, ‘ರೀ ಮೇಷ್ಟ್ರೇ, ಕತ್ತರಿ ಅಂಟು ಎಲ್ಲ ಅಂಗನವಾಡಿಯವರ ಕೆಲಸ. ಪರೀಕ್ಷೆಯಲ್ಲಿ ತಕ್ಕಡಿ ಕೊಡುತ್ತಾರೆಯೇ?’ ಎಂದರು. ಸಾದಿಲ್ವಾರು ಖರ್ಚಿನಲ್ಲಿ ಹಣ ಕೇಳಿ ಬರೆದ ಅರ್ಜಿ ‘ಪರಿಶೀಲಿಸಲಾಗುವುದು’ ಎಂಬ ಷರಾ ಹೊತ್ತು ಒಂದು ವರ್ಷ ಮಲಗಿತು.

ಅಂಕಿಅಂಶಕ್ಕೆ ದೂರ ಹೋಗಲಿಲ್ಲ. ಹನ್ನೆರಡು ವಿದ್ಯಾರ್ಥಿಗಳ ಎತ್ತರ ಮತ್ತು ಮಾರು. ಹೂವು ಅಳೆಯುವ ಅದೇ ಮಾರು: ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಉದ್ದ. ಥರ್ಮೋಕೋಲ್ ಹಲಗೆಯ ಮೇಲೆ ಅಡ್ಡಕ್ಕೆ ಎತ್ತರ, ಉದ್ದಕ್ಕೆ ಮಾರು. ಒಬ್ಬೊಬ್ಬರಿಗೆ ಒಂದು ಗುಂಡುಸೂಜಿ. ರೇಖೆಗೆ ಬಿಗಿದು ಕಟ್ಟಿದ ದಾರ. ಹನ್ನೆರಡೇ ಏಕೆ, ಆ ಹನ್ನೆರಡು ಜನರನ್ನು ನಾನು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನಾಲ್ಕು ಬ್ಯಾಚು ಹಾಳಾದ ಮೇಲೆ ಕಲಿತದ್ದು.

ಮೊದಲ ಪ್ರಯತ್ನ ಪೂರ್ತಿ ನೀರಿಗೆ ಬಿತ್ತು. ಒಂದು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಅಳತೆ ಇಟ್ಟಿದ್ದೆ, ಚೌಕಗಳನ್ನು ಜೆರಾಕ್ಸ್ ಕಾಗದದಲ್ಲಿ ಕತ್ತರಿಸಿದ್ದೆವು, ತೂಗಿದ್ದು ಸುಮಾರು 380 ರೂಪಾಯಿಯ ಅಡುಗೆಮನೆ ತಕ್ಕಡಿಯಲ್ಲಿ. ಅದು ಗ್ರಾಂಗಿಂತ ಕೆಳಗೆ ಇಳಿಯುವುದೇ ಇಲ್ಲ. ಐದು ಗುಂಪಿನ ಚೌಕಗಳೂ ಒಂದು ಗ್ರಾಂ, ಒಂದು ಗ್ರಾಂ, ಎರಡು ಗ್ರಾಂ, ಒಂದು ಗ್ರಾಂ, ಒಂದು ಗ್ರಾಂ. ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿದರು. ಚೌಕಗಳು ತರಗತಿಯ ತುಂಬ ಹಾರಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದವರು ಬೇರೆ ಯಾರೂ ಅಲ್ಲ, ಅದೇ ಹಿರಿಯರು.

ಆಮೇಲೆ ಮೂರು ಬದಲಾವಣೆ ಮಾಡಿದೆ. ಒಂದು ಸೆಂಟಿಮೀಟರನ್ನು ಹಲಗೆಯ ಮೇಲೆ ಎರಡು ಮಾಡಿದೆ; ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಕಾಗದ ಬಿಟ್ಟು ದಪ್ಪ ಕಾರ್ಡ್ ಶೀಟ್ ತಂದೆ. ಅಂಗಡಿಯವರು ಚದರ ಮೀಟರಿಗೆ 300 ಗ್ರಾಂ, ಅಂದರೆ 300 ಜಿಎಸ್‌ಎಂ ಎಂದರು. ಹತ್ತಕ್ಕೆ ಹತ್ತು ಸೆಂಟಿಮೀಟರ್ ಕತ್ತರಿಸಿ ತೂಗಿದರೆ ಮೂರು ಗ್ರಾಂ ಇರಬೇಕಾದ್ದು 2.7 ಇತ್ತು. ಇರಲಿ, ಎಲ್ಲರಿಗೂ ಒಂದೇ ಶೀಟ್ ಆದರೆ ಸಾಕು. ಚಿನ್ನ ಬೆಳ್ಳಿ ತೂಗುವವರು ಇಟ್ಟುಕೊಳ್ಳುವ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯನ್ನು 550 ರೂಪಾಯಿ ಕೊಟ್ಟು ತರಿಸಿದೆ. ನನ್ನ ಹೆಂಡತಿ ಅದನ್ನು ನೋಡಿ, ‘ಕೊನೆಗೂ ಬಂಗಾರ ತರುತ್ತೀರೇನೋ ಎಂದುಕೊಂಡೆ’ ಎಂದಳು.

ಅತಿ ಬುದ್ಧಿವಂತಿಕೆಗೆ ಹೋಗಿ 600 ರೂಪಾಯಿ ಕಳೆದುಕೊಂಡದ್ದೂ ಇದೆ. ಗ್ರಾಫ್ ಗೆರೆಗಳನ್ನು ಕೈಯಲ್ಲಿ ಎಳೆಯುವ ಬದಲು ಫ್ಲೆಕ್ಸ್ ಮುದ್ರಿಸುವವರ ಬಳಿ ಮಾಡಿಸಿದೆ. ಅವರು ಅಂಚಿಗೆ ಹೊಂದಿಸಲು ಚಿತ್ರವನ್ನು ಸ್ವಲ್ಪವೇ ಕುಗ್ಗಿಸಿದ್ದರು. ಎರಡು ಸೆಂಟಿಮೀಟರಿನ ಮನೆ 1.93 ಆಗಿತ್ತು. ಗೆರೆ ಎಣಿಸಿ ಕತ್ತರಿಸಿದವರಿಗೂ ಸ್ಕೇಲ್ ಇಟ್ಟು ಕತ್ತರಿಸಿದವರಿಗೂ ಲೆಕ್ಕ ತಾಳೆಯಾಗದೆ ಇಡೀ ಅವಧಿ ಜಗಳದಲ್ಲಿ ಹೋಯಿತು. ಆ ಫ್ಲೆಕ್ಸ್ ಈಗ ನಮ್ಮ ಮನೆಯ ಕಟ್ಟಿಗೆ ರಾಶಿಯ ಮೇಲಿದೆ.

ಎರಡನೆಯ ವರ್ಷ ಕೆಲಸ ಹಳಿಗೆ ಬಂತು. ಕಣ್ಣಳತೆಯಲ್ಲಿ ದಾರ ಕಟ್ಟಿದ ಐದು ಗುಂಪುಗಳ ಚೌಕಗಳು, ನೆನಪಿನಿಂದ ಹೇಳುವುದಾದರೆ, 31, 27, 25, 24 ಮತ್ತು 20.6 ಗ್ರಾಂ ತೂಗಿದವು. ಬಳಿಕ ಸೂತ್ರದಿಂದ ಬಂದ ರೇಖೆಗೆ ನಾನೇ ದಾರ ಕಟ್ಟಿ, ಅವರೇ ಚೌಕ ಕತ್ತರಿಸಿದರು. 20 ಗ್ರಾಂಗೆ ಕೂದಲೆಳೆಯಷ್ಟು ಹೆಚ್ಚು. ಅದಕ್ಕಿಂತ ಹಗುರ ಮಾಡಿದವರಿಗೆ 500 ರೂಪಾಯಿ ಎಂದು ಸವಾಲು ಹಾಕಿದೆ. ಅಂದಿನಿಂದ ಆ ನೋಟು ನನ್ನ ಜೇಬು ಬಿಟ್ಟಿಲ್ಲ. ಸವಾಲಿನ ದುಡ್ಡು ಎಂದೂ ಹೋಗುವುದಿಲ್ಲ ಎಂದು ಖಾತ್ರಿಯಿರುವ ಜೂಜು ಇದೊಂದೇ.

20.6 ತಂದ ಹುಡುಗಿಯರು ಏನು ಮಾಡಿದ್ದರು ಗೊತ್ತೇ? ಸರಾಸರಿ ಎತ್ತರ, ಸರಾಸರಿ ಮಾರು ಸೇರುವಲ್ಲಿ ಮೊದಲು ಒಂದು ಬೇರೆ ಬಣ್ಣದ ಸೂಜಿ ಚುಚ್ಚಿ, ದಾರವನ್ನು ಅದರ ಸುತ್ತ ಮಾತ್ರ ತಿರುಗಿಸಿದ್ದರು. ರೇಖೆ ಸರಾಸರಿಗಳ ಬಿಂದುವಿನ ಮೂಲಕವೇ ಹಾಯುತ್ತದೆ ಎಂಬುದನ್ನು ನಾನು ಮುಂದಿನ ವಾರ ಹೇಳುವವನಿದ್ದೆ.

ಇಲ್ಲಿಯವರೆಗಿನದು ಬೇರೆಯವರಿಗೂ ಹೊಳೆಯಬಹುದು. ನನಗೆ ಹೆಮ್ಮೆ ಇರುವುದು ಮುಂದಿನದರ ಬಗ್ಗೆ. ರೇಖೆಯೇ ಗೊತ್ತಿಲ್ಲದವನು ಎಲ್ಲರಿಗೂ ಸರಾಸರಿ ಮಾರನ್ನೇ ಹೇಳುತ್ತಾನೆ. ಹಾಗೆ ಒಂದು ಅಡ್ಡ ದಾರ ಕಟ್ಟಿ, ಅದರಿಂದಲೂ ಚೌಕ ಕತ್ತರಿಸಿದೆವು. ಕೆಲವು ಚೌಕ ಊಟದ ತಟ್ಟೆಯಷ್ಟು ದೊಡ್ಡವು. ಒಟ್ಟು 66 ಗ್ರಾಂ. ಓರೆ ದಾರದ್ದು 20. ಅಂದರೆ 66ರಲ್ಲಿ 46 ಗ್ರಾಂ ತಪ್ಪನ್ನು ಎತ್ತರ ಎಂಬ ಒಂದೇ ಮಾಹಿತಿ ತೊಡೆದುಹಾಕಿತು. 46ನ್ನು 66ರಿಂದ ಭಾಗಿಸಿದರೆ 0.70, ಅದರ ವರ್ಗಮೂಲ 0.83 ಚಿಲ್ಲರೆ. ಕ್ಯಾಲ್ಕುಲೇಟರಿನಲ್ಲಿ ಐದು ಕಾಲಂ ಹಾಕಿ ತೆಗೆದ ಆರ್ ಕೂಡ 0.83. ತರಗತಿಯಲ್ಲಿ ಒಂದು ಕ್ಷಣ ಮಾತೇ ಇರಲಿಲ್ಲ. ಅಂದಿನಿಂದ ನನ್ನ ಮಕ್ಕಳು ಆರ್ 1.7 ಎಂದು ಬರೆದದ್ದಿಲ್ಲ: ಇದ್ದ ತಪ್ಪಿಗಿಂತ ಹೆಚ್ಚು ತಪ್ಪನ್ನು ತೊಡೆಯುವುದು ಹೇಗೆ ಸಾಧ್ಯ ಎಂದು ಅವರೇ ಕೇಳಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ನಮ್ಮದು ಮಲೆನಾಡು. ಜುಲೈನಲ್ಲಿ ಕಾರ್ಡ್ ಶೀಟ್ ಹಪ್ಪಳದಂತೆ ಮೆತ್ತಗಾಗುತ್ತದೆ, ನೀರು ಕುಡಿದು ತೂಕವೂ ಏರುತ್ತದೆ. ಅಡ್ಡ ದಾರದ ಚೌಕಗಳನ್ನು ಮಳೆ ಹೊಯ್ಯುವ ದಿನವೂ ಓರೆ ದಾರದ್ದನ್ನು ಬಿಸಿಲು ಬಂದ ಮೂರು ದಿನದ ಮೇಲೂ ತೂಗಿ, ಆರ್ ಏಕೆ ಹೆಚ್ಚು ಬಂತೆಂದು ತಲೆ ಕೆಡಿಸಿಕೊಂಡಿದ್ದೆ. ಎರಡನ್ನೂ ಒಂದೇ ಗಂಟೆಯೊಳಗೆ ತೂಗಬೇಕು.

ಇನ್ನು ಹರಿದ ಟೇಪಿನ ಕಥೆ. ಒಂದು ಗುಂಪಿನವರು ಮನೆಯಿಂದ ತಂದ ದರ್ಜಿ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಇರಲೇ ಇಲ್ಲ. ಒಬ್ಬ ಹುಡುಗನ ಮಾರು ಹತ್ತು ಸೆಂಟಿಮೀಟರ್ ಹೆಚ್ಚಾಗಿ ದಾಖಲಾಯಿತು. ಅವನೊಬ್ಬನ ಚೌಕವೇ ಸುಮಾರು 11 ಗ್ರಾಂ. ಉಳಿದ ಹನ್ನೊಂದು ಜನರದ್ದು ಸೇರಿ 18. ಒಂದು ಚುಕ್ಕಿ ಇಡೀ ರೇಖೆಯನ್ನು ತನ್ನ ಕಡೆ ಎಳೆಯುವುದೆಂದರೆ ಏನೆಂದು ಮಕ್ಕಳು ಅಂಗೈಯಲ್ಲಿ ಹಿಡಿದು ನೋಡಿದರು. ಈಗ ಬೇಕೆಂದೇ ಒಂದು ಹರಿದ ಟೇಪನ್ನು ಪೆಟ್ಟಿಗೆಯಲ್ಲಿ ಇಡುತ್ತೇನೆ.

ಅದೇ ನೆಪದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಚೌಕವೇ ಏಕೆ, ಬರಿಯ ಅಂತರ ಸಾಲದೇ ಎಂದಳು ಒಬ್ಬಳು. ಸರಿ, ತೆಂಗಿನ ಪೊರಕೆಯ ಕಡ್ಡಿಗಳನ್ನು ಅಂತರದಷ್ಟೇ ಉದ್ದಕ್ಕೆ ಮುರಿದು, ಕಾರಿಡಾರಿನಲ್ಲಿ ಸಾಲಾಗಿ ಜೋಡಿಸಿ, ಯಾರ ಸಾಲು ಚಿಕ್ಕದೆಂದು ನೋಡಿದೆವು. ಹರಿದ ಟೇಪಿನ ಹುಡುಗನನ್ನು ಕಡ್ಡಿಯ ರೇಖೆ ಹೆಚ್ಚು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗೆದ್ದ ರೇಖೆ ಪ್ರತಿ ಸಲವೂ ಎರಡು ಗುಂಡುಸೂಜಿಗಳನ್ನು ಮುಟ್ಟಿಕೊಂಡೇ ಹೋಗುತ್ತಿತ್ತು. ಪಠ್ಯದಲ್ಲಿ ಇದಿಲ್ಲ, ಆದರೂ ಒಂದು ಮಧ್ಯಾಹ್ನ ಹೋದದ್ದಕ್ಕೆ ಬೇಸರವಿಲ್ಲ. ಕಸ ಗುಡಿಸುವವರಿಗೆ ಮಾತ್ರ ಹೊಸ ಪೊರಕೆ ಕೊಡಿಸಬೇಕಾಯಿತು, 60 ರೂಪಾಯಿ.

ರಬ್ಬರ್ ಬ್ಯಾಂಡಿನ ಪ್ರಯೋಗ ಸೋತರೂ ದೊಡ್ಡ ಉಪಕಾರ ಮಾಡಿತು. ಪ್ರತಿ ಸೂಜಿಯಿಂದ ಹಗುರವಾದ ಅಲ್ಯೂಮಿನಿಯಂ ಪರದೆ ಕಡ್ಡಿಗೆ ಬ್ಯಾಂಡ್ ಹಾಕಿ ಬಿಟ್ಟರೆ ಕಡ್ಡಿ ತಾನಾಗಿ ಸೂತ್ರದ ರೇಖೆಗೆ ಬಂದು ನಿಲ್ಲುತ್ತದೆ ಎಂದು ಭಾವಿಸಿದ್ದೆ. ನಿಲ್ಲಲಿಲ್ಲ. ಪ್ರತಿ ಸಲವೂ ಅದಕ್ಕಿಂತ ಕಡಿದಾಗಿ ನಿಂತಿತು. ಬ್ಯಾಂಡು ನೇರ ಕೆಳಕ್ಕೆ ಎಳೆಯುವುದಿಲ್ಲ, ಹತ್ತಿರದ ದಾರಿಯಲ್ಲಿ, ಕಡ್ಡಿಗೆ ಲಂಬವಾಗಿ ಎಳೆಯುತ್ತದೆ; ಅದೂ ಅಲ್ಲದೆ ಅದಕ್ಕೆ ತನ್ನದೇ ಉದ್ದವೊಂದು ಇದೆ. ಇದನ್ನು ನೋಡುತ್ತಿದ್ದಾಗಲೇ ತಲೆಗೆ ಬಂದದ್ದು: ಮಕ್ಕಳ ಕಣ್ಣಳತೆಯ ದಾರಗಳೂ ಬಹುಪಾಲು ಹೀಗೆಯೇ ಕಡಿದಾಗಿರುತ್ತವೆ! ಕಣ್ಣು ರಬ್ಬರ್ ಬ್ಯಾಂಡಿನಂತೆ ಚುಕ್ಕಿಗಳ ಗುಂಪಿನ ಉದ್ದದ ನಡುಗೆರೆಯನ್ನು ಹುಡುಕುತ್ತದೆ. ನಮಗೆ ಬೇಕಾದದ್ದು ಅದಲ್ಲ. ಎತ್ತರ ಹೇಳಿದರೆ ಮಾರನ್ನು ಊಹಿಸುವ ರೇಖೆ. ನಮ್ಮ ಹಲಗೆಯಲ್ಲಿ ಅದರ ಇಳಿಜಾರು 0.87ರ ಆಸುಪಾಸು. ಸರಾಸರಿಗಿಂತ ಹತ್ತು ಸೆಂಟಿಮೀಟರ್ ಎತ್ತರದವನ ಮಾರು ಸರಾಸರಿಗಿಂತ ಹತ್ತಲ್ಲ, ಒಂಬತ್ತಕ್ಕೂ ಸ್ವಲ್ಪ ಕಡಿಮೆಯೇ ಹೆಚ್ಚಿರುತ್ತದೆ ಎಂಬ ಊಹೆ.

ರಿಗ್ರೆಷನ್ನಿನಲ್ಲಿ ಎರಡು ರೇಖೆ ಏಕೆ ಎಂಬ ಹಳೆಯ ತಲೆನೋವೂ ಇಲ್ಲಿಯೇ ಬಗೆಹರಿಯಿತು. ಮಾರಿನಿಂದ ಎತ್ತರ ಊಹಿಸಬೇಕಾದರೆ ಅಂತರಗಳನ್ನು ಅಡ್ಡಡ್ಡ ಅಳೆದು ಚೌಕ ಮಾಡಬೇಕು. ಹಲಗೆಯನ್ನೇ ಕಾಲು ಸುತ್ತು ತಿರುಗಿಸಿ ಗೋಡೆಗೆ ಆನಿಸುತ್ತೇನೆ, ಮತ್ತೆ ಕತ್ತರಿ ಹಿಡಿಯುತ್ತಾರೆ. ಎರಡು ದಾರಗಳು ಸರಾಸರಿಯ ಸೂಜಿಯಲ್ಲಿ ಒಂದನ್ನೊಂದು ದಾಟುತ್ತವೆ, ರಬ್ಬರ್ ಬ್ಯಾಂಡಿನ ಕಡ್ಡಿ ಅವೆರಡರ ನಡುವೆ. ಯಾವುದನ್ನು ಯಾವುದರಿಂದ ಊಹಿಸುತ್ತಿದ್ದೇನೆ ಎಂದು ಕೇಳಿಕೊಳ್ಳದೆ ಈಗ ಯಾರೂ ಲೆಕ್ಕ ಶುರು ಮಾಡುವುದಿಲ್ಲ.

ರಿಗ್ರೆಷನ್ ಎಂಬ ಹೆಸರು ಕೊಟ್ಟ ಇಂಗ್ಲಿಷ್ ವಿಜ್ಞಾನಿ ಗಾಲ್ಟನ್ ಮಾಡಿದ್ದನ್ನೇ ಮಾಡಿಸೋಣ ಎಂದು ತಂದೆತಾಯಿಯರ ಎತ್ತರ ಕೇಳಿ ತರಲು ಹೇಳಿದ್ದು ಮಾತ್ರ ನಗೆಪಾಟಲಾಯಿತು. ಆತ 1886ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 205 ದಂಪತಿಗಳು, ಅವರ 928 ಮಕ್ಕಳು. ಗಂಡಸರ ಎತ್ತರಕ್ಕೆ ಸರಿದೂಗಿಸಲು ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿಕೊಂಡಿದ್ದ. ಕುಟುಂಬಗಳ ದಾಖಲೆ ಕಳಿಸುವವರಿಗೆ ಒಟ್ಟು 500 ಪೌಂಡು ಬಹುಮಾನ ಇಟ್ಟಿದ್ದವನು ಅವನು. ನನ್ನ ಬಳಿ ಇದ್ದದ್ದು ಕಡಲೆಮಿಠಾಯಿ. ಫೋನಿನಲ್ಲಿ ಕೇಳಿ ತಂದ ಎತ್ತರಗಳ ಪ್ರಕಾರ ನಮ್ಮ ತಾಲ್ಲೂಕಿನ ಅಪ್ಪಂದಿರೆಲ್ಲ ಒಂದೋ ಐದು ಅಡಿ ಆರು ಇಂಚು, ಇಲ್ಲವೇ ಐದು ಅಡಿ ಎಂಟು. ಸೂಜಿಗಳು ಎರಡು ಕಂಬದಂತೆ ನಿಂತವು.

ಅಡಿಕೆಯ ಲೆಕ್ಕವೂ ಒಮ್ಮೆ ಆಯಿತು. ತೋಟದ ಮನೆಯ ಹುಡುಗನೊಬ್ಬ ಎರಡು ವರ್ಷದ ಚೀಟಿ ತಂದ: ಒಂದೊಂದು ಕೊಯ್ಲಿಗೆ ಹಸಿ ಅಡಿಕೆ ಎಷ್ಟು, ಬೇಯಿಸಿ ಒಣಗಿಸಿದ ಮೇಲೆ ಎಷ್ಟು. ಆರ್ 0.98ರ ಹತ್ತಿರ. ಹುಡುಗ ಕುಣಿದಾಡಿದ. ಅವನ ತಂದೆ, ‘ಹಸಿ ಜಾಸ್ತಿ ಹಾಕಿದರೆ ಒಣಗಿದ್ದೂ ಜಾಸ್ತಿ ಬರುತ್ತದೆ ಎಂದು ತಿಳಿಯಲು ಕಾಲೇಜು ಬೇಕೇ ಮೇಷ್ಟ್ರೇ? ಕ್ವಿಂಟಾಲಿಗೆ ಹನ್ನೊಂದು ಕೆ.ಜಿ. ಬರುವುದೋ ಹದಿಮೂರೋ, ಅದನ್ನು ಹೇಳಿ’ ಎಂದರು. ಮಾತು ನಾಟಿತು. ಕೊಯ್ಲು ಒಂದು ಕ್ವಿಂಟಾಲಿನಿಂದ ಇಪ್ಪತ್ತರವರೆಗೆ ಹರಡಿದ್ದಕ್ಕೇ ಆರ್ ಅಷ್ಟು ಮೇಲೇರಿತ್ತು. ಕ್ವಿಂಟಾಲಿನ ಇಳುವರಿಯನ್ನು ಕೊಯ್ಲಿನ ದಿನಾಂಕದ ಎದುರು ಇಟ್ಟಾಗ ಆರ್ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಅವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಹಿರಿಯರ ಮನಸ್ಸು ತಿರುಗಿದ್ದು ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಪಟ್ಟಿಗಳಿಂದ. ನಾಲ್ಕರಲ್ಲೂ ಆರ್ 0.816, ರೇಖೆ ವೈ ಸಮ 3 ಕೂಡು 0.5 ಎಕ್ಸ್. ನಾಲ್ಕು ಗುಂಪಿಗೆ ಒಂದೊಂದು ಕೊಟ್ಟು, ಏಕಮಾನಕ್ಕೆ ನಾಲ್ಕು ಸೆಂಟಿಮೀಟರಿನಂತೆ ಸೂಜಿ ಚುಚ್ಚಿಸಿದೆ. ತೂಕ ನಾಲ್ಕೂ ಆರು ಗ್ರಾಂ ಸುತ್ತಮುತ್ತ, ವ್ಯತ್ಯಾಸವೆಲ್ಲ ಕತ್ತರಿಯದ್ದು. ಚೌಕಗಳನ್ನು ಮೇಜಿನ ಮೇಲೆ ಹರಡಿದರೆ ಮಾತ್ರ ಬೇರೆ ಬೇರೆ: ಮೂರನೆಯ ಗುಂಪಿನಲ್ಲಿ ಒಂದೇ ದೈತ್ಯ ಚೌಕ, ಉಳಿದವು ಅದರ ಎದುರು ಚಿಲ್ಲರೆ. ಹಿರಿಯರು ಬಾಗಿಲಿನಿಂದ ಒಳಗೆ ಬಂದು ಆ ದೊಡ್ಡ ಚೌಕವನ್ನು ಕೈಗೆತ್ತಿಕೊಂಡರು, ತೂಗಿದರು, ಇಟ್ಟರು, ಏನೂ ಹೇಳಲಿಲ್ಲ. ಮರುದಿನ ತಮ್ಮ ತರಗತಿಗೆ ಹಲಗೆ ಕೇಳಿದರು.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, 2,400 ದಾಟಿರಬೇಕು. ಕಾಲೇಜಿನಿಂದ ಬಂದದ್ದು 500. ಈಗ ಹೊಸದಾಗಿ ಮಾಡುವವರಿಗೆ ಸಾವಿರದೊಳಗೆ ಆಗುತ್ತದೆ: ತಕ್ಕಡಿ, ಎರಡು ಥರ್ಮೋಕೋಲ್ ಹಲಗೆ, ಆರೇಳು ಶೀಟು, ಸೂಜಿ, ದಾರ. ಸಮಯ ತಿನ್ನುವುದು ಚೌಕ ಕತ್ತರಿಸುವ ಕೆಲಸ. ಮೊದಲು ಎರಡು ಅವಧಿ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ. ಅದಕ್ಕೆ ರಟ್ಟಿನಲ್ಲೇ ಒಂದು ಸಣ್ಣ ಸಾಧನ ಮಾಡಿಕೊಂಡಿದ್ದೇನೆ. ನೋಡಬೇಕಾದವರು ಊರಿಗೆ ಬರಲಿ, ಕಾಫಿ ಕುಡಿಸಿ ತೋರಿಸುತ್ತೇನೆ. ಪರೀಕ್ಷೆಯಲ್ಲಿ ರಿಗ್ರೆಷನ್ ಪ್ರಶ್ನೆ ಮುಟ್ಟುತ್ತಿದ್ದವರು ನಲವತ್ತರಲ್ಲಿ ಹತ್ತು ಹನ್ನೊಂದು ಜನ. ಕಳೆದ ಸಲ ಮೂವತ್ತು ದಾಟಿತು. ಎಲ್ಲವೂ ತಕ್ಕಡಿಯಿಂದಲೇ ಎಂದರೆ ನನ್ನ ಮಕ್ಕಳೇ ನಗುತ್ತಾರೆ, ಏಕೆಂದರೆ ಆ ವರ್ಷ ಪ್ರಶ್ನೆಪತ್ರಿಕೆಯೂ ಸುಲಭವಿತ್ತು.

ಈ ಬಾರಿ ಮಳೆ ಹಿಡಿಯುವ ಮೊದಲೇ ಎಂಟು ಶೀಟು ತಂದು ಪ್ಲಾಸ್ಟಿಕ್ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ತಕ್ಕಡಿ ಮಾತ್ರ ಹಿರಿಯರ ಬಳಿಯೇ ಇದೆ, ಎರಡು ಸಲ ಕೇಳಿಯಾಯಿತು.