ಬೇಳದ ಇಗರ್ಜಿ, ಗಡಿನಾಡಿನ ಕಾಗದಗಳು: ನನ್ನ ಅನುಭವ

ಕುಂಬಳೆಯಿಂದ ಬದಿಯಡ್ಕದ ಬಸ್ಸು ಹತ್ತಿದರೆ ಸೀತಾಂಗೋಳಿ ದಾಟಿ ಬೇಳ ಸಿಗುತ್ತದೆ. ಅಡಿಕೆ ತೋಟ, ಮುರಕಲ್ಲಿನ ಗುಡ್ಡ, ನಡುವೆ ಗೋಥಿಕ್ ಶೈಲಿಯ ದೊಡ್ಡ ಇಗರ್ಜಿ. ಶೋಕಮಾತೆಯ ಹೆಸರಿನ ಈ ಇಗರ್ಜಿ ಶುರುವಾದದ್ದು 1890ರಲ್ಲಿ. ಊರು ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಇಗರ್ಜಿ ಮಾತ್ರ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ, ಅಂದರೆ ಮಂಗಳೂರಿನ ಬಿಷಪರ ಕೈಕೆಳಗಿನದು. ನಾನು ಆ ಕಡೆಯ ಕನ್ನಡ ಮಾಸ್ಟ್ರು, ಕ್ರೈಸ್ತನಲ್ಲ. ಊರಿನ ಚರಿತ್ರೆ ಬರೆಯಬೇಕು ಅಂತ ಹೊರಟವನಿಗೆ ಕೊನೆಗೆ ಕೈ ಹಿಡಿದದ್ದು ಇಗರ್ಜಿಯ ಪುಸ್ತಕಗಳು. ಅದು ಹೇಗೆ ಅಂತ ಹೇಳುತ್ತೇನೆ.

ಗಡಿನಾಡಿನ ಊರಿಗೆ ಒಂದು ತಾಪತ್ರಯ ಇದೆ. ಊರು ಇದ್ದಲ್ಲೇ ಇರುತ್ತದೆ, ಅದರ ಕಡತಗಳು ಊರೂರು ತಿರುಗುತ್ತವೆ. 1890ರಲ್ಲಿ ಬೇಳ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1967ರಲ್ಲಿ, ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಲಿ ಅಂದಿತು. ಬೇಳ ಇರುವುದು ಆ ಉತ್ತರ ಭಾಗದಲ್ಲೇ. ವರದಿ ಜಾರಿಗೆ ಬರಲೇ ಇಲ್ಲ. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು. ಒಂದೊಂದು ಬದಲಾವಣೆಗೂ ಕಚೇರಿ ಬೇರೆ, ಭಾಷೆ ಬೇರೆ. ಹಳೇ ಕಾಗದ ಕೇಳಿದರೆ ಈಚೆಯವರು ಆಚೆ ಕೈ ತೋರಿಸುತ್ತಾರೆ, ಆಚೆಯವರು ಈಚೆ. ಒಂದು ಕಚೇರಿಯಲ್ಲಂತೂ 1956ಕ್ಕಿಂತ ಹಿಂದಿನದು ‘ನಮ್ಮದಲ್ಲ’ ಅಂತಲೇ ಕಳಿಸಿಬಿಟ್ಟರು.

ಇಗರ್ಜಿಗೆ ಈ ಗಡಿಯ ಬಿಸಿ ತಟ್ಟಲಿಲ್ಲ. ಮಂಗಳೂರು ಧರ್ಮಪ್ರಾಂತ್ಯ ಆದದ್ದು 1886ರಲ್ಲಿ. ಬೇಳದ ಇಗರ್ಜಿ ಶುರುವಾಗುವಾಗ ಅಲ್ಲಿ ಬಿಷಪ್ ಆಗಿದ್ದವರು ಇಟಲಿಯ ಜೆಸ್ವಿಟ್ ಪಾದ್ರಿ ಪಗಾನಿ. ಆಮೇಲೆ ಸರಕಾರ ಎಷ್ಟು ಬದಲಾದರೂ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕ ಬರೆಯುವ ಜಾಗ ಬದಲಾಗಲಿಲ್ಲ. ಹಾಗಾಗಿ ನಾನು ತಾಲೂಕು ಕಚೇರಿ ಬಿಟ್ಟು ಇಲ್ಲಿಂದಲೇ ಶುರು ಮಾಡಿದೆ.

ಫಾದರ್ ಹತ್ತಿರ ಮೊದಲೇ ಒಂದು ಮಾತು ಮಾಡಿಕೊಂಡೆ. ಬದುಕಿರುವವರ ಹೆಸರು ನೋಡುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಪೆನ್ಸಿಲ್‌ನಲ್ಲಿ ಮಾತ್ರ ಬರೆದುಕೊಳ್ಳುವುದು. ಇದು ಬರೀ ಮರ್ಯಾದೆಯ ಮಾತಲ್ಲ. ಆ ಪುಸ್ತಕಗಳಲ್ಲಿ ಯಾರ ಮಗು, ತಂದೆ ಹೆಸರು ಇದೆಯೋ ಇಲ್ಲವೋ ಎಲ್ಲ ಇರುತ್ತದೆ. ಇವತ್ತಿನ ಮನೆಗಳಿಗೆ ಅದು ಹೋಗಿ ಮುಟ್ಟಬಾರದು, ಅಲ್ವಾ?

ಹಳೇ ಪುಟಗಳು ಲ್ಯಾಟಿನ್‌ನಲ್ಲಿವೆ. ಹೆದರುವಂಥದ್ದೇನಿಲ್ಲ. ಒಂದೇ ಒಕ್ಕಣೆ ಪ್ರತಿ ಸಾಲಲ್ಲೂ ಬರುತ್ತದೆ. ತಾರೀಕು, ಮಗುವಿನ ಹೆಸರು, ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿ, ಪಾದ್ರಿಯ ರುಜು. ನಾಲ್ಕು ಪುಟ ಓದುವಷ್ಟರಲ್ಲಿ ಕೈಗೆ ಬರುತ್ತದೆ. ಕಷ್ಟ ಇರುವುದು ಹೆಸರಿನಲ್ಲಿ. ಪುಸ್ತಕದಲ್ಲಿ ‘ಸೆಬಾಸ್ತಿಯಾನುಸ್’ ಅಂತ ಇರುವ ಮನುಷ್ಯ ಮನೆಯವರ ಬಾಯಲ್ಲಿ ಬಸ್ತ್ಯಾಂವ್. ತುಳು ಮಾತಾಡುವ ನೆರೆಯವರಿಗೆ ಬಸ್ತಿ ಪೊರ್ಬು (ಕ್ರೈಸ್ತರನ್ನು ತುಳುವಿನಲ್ಲಿ ಹಾಗೆ ಕರೆಯುತ್ತಾರೆ). ಗೇಣಿ ಚೀಟಿನಲ್ಲಿ ಕನ್ನಡದ ಶಾನುಭೋಗರು ಬರೆದದ್ದು ಇನ್ನೊಂದು ಥರ. ನಾಲ್ವರೂ ಒಬ್ಬರೇ ಅಂತ ಹೇಗೆ ಗೊತ್ತಾಗಬೇಕು? ನಾನು ಮನೆ ಇರುವ ಜಾಗದ ಹೆಸರು ಮತ್ತು ಹೆಂಡತಿಯ ಹೆಸರು ಎರಡೂ ತಾಳೆಯಾದರೆ ಮಾತ್ರ ಒಬ್ಬರೇ ಅಂತ ಹಿಡಿದೆ. ಗಂಡನ ಹೆಸರೊಂದೇ ನೆಚ್ಚಿಕೊಂಡರೆ ಊರು ತುಂಬ ಬಸ್ತ್ಯಾಂವ್‌ಗಳು!

ಓದುಗರಿಗೆ ಒಂದು ಗುಟ್ಟು. ಜ್ಞಾನಸ್ನಾನದ ಪುಸ್ತಕದಲ್ಲಿ ಸಾಲಿಗಿಂತ ಅಂಚು ಮುಖ್ಯ. 1908ರಲ್ಲಿ ರೋಮ್‌ನ ಒಂದು ನಿಯಮ ಜಾರಿಗೆ ಬಂತು. ಎಲ್ಲೇ ಮದುವೆಯಾದರೂ ಆ ಸುದ್ದಿಯನ್ನು ಜ್ಞಾನಸ್ನಾನ ಆದ ಇಗರ್ಜಿಗೆ ತಿಳಿಸಬೇಕು, ಅಲ್ಲಿ ಅಂಚಿನಲ್ಲಿ ಬರೆದಿಡಬೇಕು. ಆಮೇಲಿನ ಅಂಚುಗಳನ್ನು ಸುಮ್ನೆ ಓದುತ್ತಾ ಹೋದರೆ ಯಾರು ಊರು ಬಿಟ್ಟರು, ಎಲ್ಲಿ ನೆಲೆ ನಿಂತರು ಅಂತ ಗೊತ್ತಾಗುತ್ತದೆ. ಘಟ್ಟದ ಮೇಲಿನ ಕಾಫಿ ತೋಟ, ಬೊಂಬಾಯಿ, ಮಂಗಳೂರು. ಮದುವೆ ಸಂಬಂಧಗಳು ವಿಟ್ಲ, ಪುತ್ತೂರು, ಬಂಟ್ವಾಳದ ಕಡೆಗೆ. ನಾನು 1956ರ ಆಚೀಚೆಯ ಪುಟಗಳನ್ನು ಬೇಕೆಂದೇ ಹತ್ತಿರ ಇಟ್ಟು ನೋಡಿದೆ. ನಕಾಶೆಯಲ್ಲಿ ರಾಜ್ಯವೇ ಬೇರೆಯಾಗಿತ್ತು. ಹೆಣ್ಣು ತರುವ ದಾರಿ ಅದೇ ಇತ್ತು.

ಬಾಯಿಮಾತಿನ ಚರಿತ್ರೆಗೆ ಬಂದರೆ, ಯಾರನ್ನು ಕೇಳಿದರೂ ಟಿಪ್ಪುವಿನಿಂದಲೇ ಶುರು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಿಜ. 1799ರ ನಂತರ ಉಳಿದವರು ಹಿಂದೆ ಬಂದದ್ದೂ ನಿಜ. ಆದರೆ ಅಲ್ಲಿಂದ 1890ಕ್ಕೆ ತೊಂಬತ್ತಕ್ಕೂ ಜಾಸ್ತಿ ವರ್ಷ. ಅದರ ನಡುವೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಊರಿನ ನಿಜವಾದ ಕಥೆ ಅಲ್ಲೇ ಇದೆ. ಹಾಗಾಗಿ ಪ್ರಶ್ನೆ ಬದಲಿಸಿದೆ. ‘ನಿಮ್ಮವರು ಯಾವಾಗ ಬಂದರು?’ ಅಂತ ಕೇಳುವುದು ಬಿಟ್ಟು ‘ಈ ಸುರಂಗ ಯಾರು ಕೊರೆಸಿದ್ದು?’ ಅಂತ ಕೇಳಿದೆ. ನಮ್ಮ ಕಡೆ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತರುವುದು ಗೊತ್ತಲ್ಲ? ಆಗ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬ ಬಾಯಮ್ಮ (ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು) ಹೇಳಿದ್ದು ಹೀಗೆ: “ಮಾಸ್ಟ್ರೇ, ನನ್ನ ಅಜ್ಜ ಬರುವಾಗ ಇಲ್ಲಿ ಬರೀ ಮುಳಿಹುಲ್ಲು. ನೀರು ಬಂದ ಮೇಲೆಯೇ ಅಡಿಕೆ ಸಸಿ.” ಯಾರ ಗೇಣಿಗೆ ಬಂದರು, ಯಾವ ಭಟ್ಟರ ಜಾಗ, ಸುರಂಗದ ಕೆಲಸಕ್ಕೆ ಯಾರು ಬಂದರು, ಎಲ್ಲ ಆ ನೀರಿನ ಹಿಂದೆಯೇ ಬಂತು. ಇಗರ್ಜಿಯ ಪುಸ್ತಕದಲ್ಲಿ ಇಲ್ಲದ ಜನರೂ ಬಂದರು. ಆ ಪುಸ್ತಕ ನಂಬಿ ಬರೆದರೆ ಊರಲ್ಲಿ ಕ್ರೈಸ್ತರು ಮಾತ್ರ ಇದ್ದರು ಅನ್ನಿಸಿಬಿಡುತ್ತದೆ.

ಹಿರಿಯರ ಮಾತನ್ನು ಪರೀಕ್ಷಿಸಲು ಕೆಲವು ಗಟ್ಟಿ ತಾರೀಕು ಕೈಯಲ್ಲಿರಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಹಾಗಾಗಿ ಇಗರ್ಜಿ ಕಟ್ಟಲು ಶುರು ಮಾಡಿದಾಗಲೇ ಸಾಮಾನು ರೈಲಲ್ಲಿ ಬಂತು ಅಂದರೆ ಅದು ಆಗದ ಮಾತು. ಆ ಕಾಲಕ್ಕೆ ಇದ್ದದ್ದು ಕಡಲ ದಾರಿ ಮತ್ತು ಎತ್ತಿನ ಗಾಡಿ.

ಇನ್ನು ಹೆಂಚು. ಇದರ ಬಗ್ಗೆ ನನಗೆ ಸ್ವಲ್ಪ ಹುಚ್ಚೇ ಇದೆ. ಮಂಗಳೂರು ಹೆಂಚಿನ ಅಡಿಭಾಗ ತಿರುಗಿಸಿದರೆ ಕಾರ್ಖಾನೆಯ ಹೆಸರು ಎದ್ದು ಕಾಣುತ್ತದೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ನೋಡಿ ತುಂಬಾ ಜನ ತಮ್ಮ ಮನೆ 1865ರದ್ದು ಅಂತ ಬೀಗುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ‘ಆಲ್ಬುಕರ್ಕ್ 1868’ ಕೂಡ ಹಾಗೆಯೇ. ನಿಜವಾಗಿ ಉಪಯೋಗಕ್ಕೆ ಬರುವುದು ‘ಕಾಮನ್‌ವೆಲ್ತ್’ ಅನ್ನುವ ಹೆಸರು. ಬಾಸೆಲ್ ಮಿಷನ್‌ನಲ್ಲಿ ಇದ್ದವರು ಹೆಚ್ಚಾಗಿ ಜರ್ಮನ್ ಪಾದ್ರಿಗಳು, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಅದರ ಕಾರ್ಖಾನೆಗಳನ್ನು ಕಿತ್ತುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಹಾಗಾಗಿ ಆ ಹೆಸರಿನ ಹೆಂಚು ಯುದ್ಧದ ನಂತರದ್ದೇ. ಒಂದು ಹಳೇ ಮನೆಯ ಕೊಟ್ಟಿಗೆಯಲ್ಲಿ ಎರಡೂ ಥರದ ಹೆಂಚು ಬೆರೆತಿತ್ತು. ಅಂದರೆ ಮಾಡು ಒಮ್ಮೆ ಕಳಚಿ ಹೊದಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಹೊತ್ತಿಗೆ ಹೋದರೆ ಏಣಿ ಹತ್ತುವ ಕೆಲಸವೂ ಇಲ್ಲ, ಹೆಂಚು ಅಂಗಳದಲ್ಲೇ ಇರುತ್ತದೆ.

ಸಮಾಧಿ ಕಲ್ಲು ಓದಲು ಸಂಜೆ ಹೋಗಿ. ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದರೆ ಸವೆದ ಅಕ್ಷರ ನೆರಳಿನಲ್ಲಿ ಮೇಲೆ ಬರುತ್ತದೆ. ಸುಣ್ಣ, ಸೀಮೆಸುಣ್ಣ ಉಜ್ಜಬೇಡಿ.

ಜಮೀನಿನ ಕಾಗದದ್ದು ದೊಡ್ಡ ಕಥೆ. 1956ಕ್ಕಿಂತ ಹಿಂದಿನ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಚೀಟುಗಳು ಕನ್ನಡದಲ್ಲಿವೆ. ಅವು ಕಚೇರಿಗಿಂತ ಮನೆಯ ಟ್ರಂಕಿನಲ್ಲೇ ಜಾಸ್ತಿ ಸಿಗುತ್ತವೆ. ಆದರೆ ತೋಟ ಗೇಣಿಯಿಂದ ಸ್ವಂತವಾದ ಹೊತ್ತಿನ ಕಾಗದ ಮಲಯಾಳದಲ್ಲಿದೆ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಮುಗಿಯಿತು. ಕರ್ನಾಟಕದಲ್ಲಿ ಅದು ಆಗಲು 1974ರ ತನಕ ಕಾಯಬೇಕಾಯಿತು. ಒಂದೇ ಕುಟುಂಬದ ಅಣ್ಣ ಬೇಳದಲ್ಲಿ, ತಮ್ಮ ವಿಟ್ಲದಲ್ಲಿ ಇದ್ದರೆ ಅಣ್ಣ ನಾಲ್ಕು ವರ್ಷ ಮುಂಚೆ ಒಡೆಯನಾದ. ಗಡಿ ಜನರ ಬದುಕನ್ನು ಮುಟ್ಟಿದ್ದು ಎಲ್ಲಿ ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ. ಭಾಷಣ, ಚಳವಳಿಗಳಲ್ಲಿ ಇದರ ಸುದ್ದಿ ಬರುವುದು ಕಮ್ಮಿ.

ಈಗ ಬರೆಯುತ್ತಿರುವುದು ಆ ಅಧ್ಯಾಯ. ನನಗೆ ಮಲಯಾಳ ಮಾತು ಬರುತ್ತದೆ, ಕಚೇರಿಯ ಕೈಬರಹ ಬರುವುದಿಲ್ಲ. ನೆರೆಮನೆಯ ಮಲಯಾಳ ಟೀಚರ್ ರಜೆಯ ದಿನ ಬಂದು ಓದಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಮುಗಿದ ಭಾಗವನ್ನು ಅವರೇ ಮಲಯಾಳಕ್ಕೂ ಮಾಡಿಕೊಡುತ್ತಿದ್ದಾರೆ. ಊರಿನ ಮಕ್ಕಳಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ, ಅವರಿಗೂ ಬೇಕಲ್ಲ.